ಮಧ್ಯಾಹ್ನದ ತೂಕ

“ಇದನ್ನ ವಿಜ್ಞಾನ ಅಂತ ಒಪ್ಪಿಕೊಂಡ್ರೆ ನಾಳೆಯಿಂದ ನಾನು ಶಾಲೆ ಮೆಟ್ಟಿಲು ಹತ್ತಬಾರದು ಭಾವ.”

“ಹತ್ತಬೇಡ ಬಿಡು. ಮಕ್ಕಳಾದ್ರೂ ನೆಮ್ಮದಿಯಾಗಿರ್ತಾವೆ.”

“ತಮಾಷೆ ಬೇಡ. ಇದು ಬೊಗಳೆ. ಹನ್ನೊಂದು ವರ್ಷ ಕೂತು ಬರೆದ್ರೂ ಬೊಗಳೆ ಬೊಗಳೆನೇ.”

“ಯಾವನಯ್ಯಾ ಅದು ಬೊಗಳೆ ಅನ್ನೋನು?” ತಕ್ಕಡಿಯಣ್ಣ ಕೈಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದ. ಪಕ್ಕದಲ್ಲಿದ್ದ ಹಿತ್ತಾಳೆ ತಟ್ಟೆಗಳು ಝಲ್ಲೆಂದವು. “ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂತ ತಾನೆ ನಿನಗೆ ಇಷ್ಟು ಸದರ? ಇದೇ ಮಾತನ್ನ ಕೋಟು ಹಾಕಿದವನೊಬ್ಬ ಹೇಳಿದ್ರೆ ನೀನೇ ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸ್ತಿದ್ದೆ.”

ತಕ್ಕಡಿಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ತಕ್ಕಡಿ. ಊರಿನಲ್ಲಿ ಎಲ್ಲಿ ತೂಕದಲ್ಲಿ ಹೆಚ್ಚುಕಡಿಮೆ ಕಂಡರೂ ಅವನಿಗೇ ಕರೆ ಬರುತ್ತಿತ್ತು. ಅವನು ಸರಿಮಾಡಿಕೊಟ್ಟ ತಕ್ಕಡಿ ತಪ್ಪು ತೋರಿಸಿತು ಎಂದು ಮೂವತ್ತು ವರ್ಷದಲ್ಲಿ ಒಬ್ಬರೂ ಬೆರಳು ಮಾಡಿರಲಿಲ್ಲ. ಎದುರಿಗೆ ಕೂತಿದ್ದವರು ಅವನ ಹೆಂಡತಿಯ ತಮ್ಮ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಇಬ್ಬರ ನಡುವೆ ಮೇಜಿನ ಮೇಲೆ ಹನ್ನೊಂದು ನೋಟ್ ಪುಸ್ತಕಗಳಿದ್ದವು, ವರ್ಷಕ್ಕೊಂದರಂತೆ.

ಅವುಗಳಲ್ಲಿ ಇದ್ದದ್ದು ಇಷ್ಟೆ. ದಿನಾ ಬೆಳಿಗ್ಗೆ ಏಳು ಗಂಟೆಗೊಮ್ಮೆ, ಮಧ್ಯಾಹ್ನ ಒಂದು ಗಂಟೆಗೊಮ್ಮೆ ತಕ್ಕಡಿಯಣ್ಣ ಅದೇ ಬಟ್ಟೆ ಗಂಟು, ಅದೇ ಮರದ ತುಂಡು, ಅದೇ ಹತ್ತಿ ಚೀಲವನ್ನು ತೂಗಿ ಬರೆದಿಡುತ್ತಿದ್ದ. ಮಧ್ಯಾಹ್ನದ ತೂಕ ಬೆಳಗಿನದಕ್ಕಿಂತ ಒಂದಿಷ್ಟು ಕಡಿಮೆ ಬರುತ್ತಿತ್ತು. ಕಾರಣವನ್ನೂ ಅವನೇ ಕಂಡುಹಿಡಿದಿದ್ದ. ಸೂರ್ಯ ನೆತ್ತಿಗೆ ಬಂದಾಗ ಭೂಮಿಯ ಮೇಲಿರುವುದನ್ನೆಲ್ಲ ತನ್ನ ಕಡೆಗೆ ಎಳೆಯುತ್ತಾನೆ, ಅದಕ್ಕೇ ಮಧ್ಯಾಹ್ನ ಎಲ್ಲದರ ತೂಕ ಇಳಿಯುತ್ತದೆ. ಮೋಡದ ದಿನ ಇಳಿಯುವುದಿಲ್ಲ, ಯಾಕೆಂದರೆ ಮೋಡ ಎಳೆತವನ್ನು ತಡೆಯುತ್ತದೆ. ಮಳೆಗಾಲದಲ್ಲಿ ಕೆಲವೊಮ್ಮೆ ತೂಕ ಏರುತ್ತದೆ, ಅದಕ್ಕೂ ಒಂದು ಕಾರಣ ಒಂಬತ್ತನೇ ಪುಸ್ತಕದಲ್ಲಿತ್ತು.

“ಚಂದ್ರ ಸಮುದ್ರದ ನೀರನ್ನ ಎಳೀತಾನೆ ಅಂತ ನೀನೇ ಪಾಠ ಮಾಡ್ತೀಯ,” ತಕ್ಕಡಿಯಣ್ಣ ಬಿಡಲಿಲ್ಲ. “ಅಷ್ಟು ದೊಡ್ಡ ಸಮುದ್ರನ ಅಷ್ಟು ಚಿಕ್ಕ ಚಂದ್ರ ಎಳೀಬಹುದು. ಸೂರ್ಯ ಒಂದು ಮೂಟೆ ಹತ್ತಿ ಎಳೆದರೆ ಮಾತ್ರ ನಿನಗೆ ಹೊಟ್ಟೆನೋವಾ?”

“ಎಳೀತಾನೆ, ಇಲ್ಲ ಅಂದೋರು ಯಾರು? ಆದ್ರೆ ಅದು ನಿಮ್ಮ ತಕ್ಕಡಿಗೆ ಗೊತ್ತಾಗೋಷ್ಟಲ್ಲ ಭಾವ. ಲೆಕ್ಕ ಹಾಕಿ ತೋರಿಸ್ಲಾ?”

“ನಿನ್ನ ಲೆಕ್ಕ ಬೇಡ. ತಕ್ಕಡಿ ಹೇಳಿದ್ದು ಸಾಕು ನನಗೆ. ಹೊಸದು ಹೇಳಿದವರನ್ನ ನೋಡಿ ಜನ ನಗೋದು ಇವತ್ತಿನದಲ್ಲ.”

“ಜನ ನಕ್ಕಿದ್ದೆಲ್ಲ ನಿಜ ಆಗಲ್ಲ. ಕೆಲವು ಬರೀ ನಗೆಪಾಟಲೇ ಆಗಿರ್ತಾವೆ.”

ಬೇರೆ ದಿನವಾಗಿದ್ದರೆ ಇದು ಭಾವ ಭಾಮೈದರ ಭಾನುವಾರದ ಮಾಮೂಲಿ ಜಗಳವಾಗಿ ಮುಗಿಯುತ್ತಿತ್ತು. ಆದರೆ ಒಳಬಾಗಿಲ ಹತ್ತಿರ ಸ್ಟೂಲಿನ ಮೇಲೆ ತಕ್ಕಡಿಯಣ್ಣನ ಮಗಳು ಕೂತಿದ್ದಳು. ನಾಲ್ಕು ದಿನದಿಂದ ಅವಳು ಮನೆಯಲ್ಲೇ ಇದ್ದಾಳೆ. ಆರು ವರ್ಷದಿಂದ ಹತ್ತಿ ಗೋದಾಮಿನಲ್ಲಿ ಮೂಟೆ ತೂಗುವ ಕೆಲಸ ಅವಳದು. ಹಳೇ ಮ್ಯಾನೇಜರ್ ಇರುವವರೆಗೆ ಮೂಟೆ ಬಂದಾಗ ಒಂದು ಸಲ ತೂಗಿದರೆ ಮುಗಿಯಿತು. ಹೊಸ ಮ್ಯಾನೇಜರ್ ಬಂದು ಎರಡು ಸಲ ತೂಗುವ ಪದ್ಧತಿ ಮಾಡಿದ. ಬೆಳಿಗ್ಗೆ ಲಾರಿಯಿಂದ ಇಳಿಯುವಾಗ ಒಂದು ಸಲ, ಮಧ್ಯಾಹ್ನ ಗಿರಣಿಗೆ ಹೊರಡುವಾಗ ಇನ್ನೊಂದು ಸಲ. ಹದಿನೈದು ದಿನ ನೋಡಿದ. ಮಧ್ಯಾಹ್ನ ಎಷ್ಟೋ ಮೂಟೆ ಅರ್ಧ ಕೆಜಿ, ಮುಕ್ಕಾಲು ಕೆಜಿ ಕಮ್ಮಿ. ಲಾರಿಯವರ ಜೊತೆ ಕೈ ಸೇರಿಸಿ ಬೆಳಿಗ್ಗೆ ಹೆಚ್ಚು ಬರೆಯುತ್ತಾಳೆ ಎಂದು ಹಮಾಲಿಗಳ ಮುಂದೆಯೇ ಹೇಳಿ ಅವಳನ್ನು ಮನೆಗೆ ಕಳಿಸಿದ. ಸೋಮವಾರ ಗೋದಾಮಿನ ಯಜಮಾನಮ್ಮ ಬರುತ್ತಾರೆ, ಹೇಳುವುದೇನಾದರೂ ಇದ್ದರೆ ಅವತ್ತು ಹೇಳು ಎಂದಿದ್ದ.

ಸೋಮವಾರ ನಾಳೆಯೇ. ತಕ್ಕಡಿಯಣ್ಣ ಹನ್ನೊಂದೂ ಪುಸ್ತಕ ಹೊತ್ತುಕೊಂಡು ಹೋಗಿ ಯಜಮಾನಮ್ಮನ ಮುಂದೆ ತನ್ನ ಸಿದ್ಧಾಂತ ಹೇಳುವವನಿದ್ದ. ಪಕ್ಕದಲ್ಲಿ ಮೇಷ್ಟರು ನಿಂತು ‘ಇದು ವಿಜ್ಞಾನ’ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅದನ್ನು ಕೇಳಲೆಂದೇ ಅವರನ್ನು ಕರೆಸಿದ್ದು.

“ನಾನು ಹೇಳಲ್ಲ,” ಎಂದರು ಮೇಷ್ಟರು. “ನೀವೂ ಹೇಳಬೇಡಿ. ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಆಮೇಲೆ ಹುಡುಗಿ ಹೆಸರು ಇನ್ನೂ ಹಾಳಾಗುತ್ತೆ. ಮೂಟೆ ತಾನಾಗೇ ಹಗುರ ಆಗೋ ಮಾತೇ ಇಲ್ಲ. ತೂಗೋದ್ರಲ್ಲಿ ಏನೋ ತಪ್ಪಾಗಿದೆ ಅಂತ ಒಪ್ಕೊಂಡು ಕ್ಷಮೆ ಕೇಳೋದು ವಾಸಿ.”

“ಅಂದ್ರೆ ನಾನು ತಪ್ಪು ತೂಗಿದೀನಿ ಅಂತಾನಾ ಮಾವ?” ಮಗಳು ಸ್ಟೂಲಿನಿಂದಲೇ ಕೇಳಿದಳು.

“ನೀನು ಅಂತಲ್ಲಮ್ಮ. ತಕ್ಕಡಿ ಇರಬಹುದು.”

“ಆ ತಕ್ಕಡಿ ನಾನು ಸರಿಮಾಡಿದ್ದು,” ಎಂದ ತಕ್ಕಡಿಯಣ್ಣ. ದನಿ ತಗ್ಗಿತ್ತು. ಅವನ ದನಿ ಜೋರಾಗಿರುವಾಗ ಮನೆಯವರು ಹೆದರುತ್ತಿರಲಿಲ್ಲ, ತಗ್ಗಿದಾಗ ಹೆದರುತ್ತಿದ್ದರು. “ಒಂದೋ ನನ್ನ ಮಗಳು ಕಳ್ಳಿ, ಇಲ್ಲಾ ನಾನು ಕೆಲಸ ಬಾರದವನು. ಇದೇ ತಾನೇ ನೀನು ಓದಿದ ವಿಜ್ಞಾನ?”

ಮಗಳು ಎದ್ದು ನಿಂತಳು. “ಅಪ್ಪ, ನಂದೊಂದು ಮಾತು ಕೇಳ್ತೀಯಾ? ಗೋದಾಮಿನ ತಕ್ಕಡಿ ದಂಡಿಗೆಯದು. ಒಂದು ಕಡೆ ಮೂಟೆ, ಇನ್ನೊಂದು ಕಡೆ ಕಬ್ಬಿಣದ ಗುಂಡು. ಸೂರ್ಯ ಮೂಟೆ ಎಳೆದರೆ ಗುಂಡನ್ನೂ ಎಳೀಬೇಕಲ್ವಾ? ಎರಡೂ ಅಷ್ಟಷ್ಟೇ ಹಗುರ ಆದ್ರೆ ದಂಡಿಗೆ ಅಲ್ಲಾಡೋದು ಹೇಗೆ?”

ಮೇಷ್ಟರು ಸೋದರಸೊಸೆಯ ಮುಖ ನೋಡಿದರು. ಅವರಿಗೂ ಅದು ಹೊಳೆದಿರಲಿಲ್ಲ.

ತಕ್ಕಡಿಯಣ್ಣ ಹುಟ್ಟಿದಾಗಿನಿಂದ ತಕ್ಕಡಿಯ ಜೊತೆಯೇ ಬೆಳೆದವನು. ಒಂದು ಕಡೆಯ ತೂಕವನ್ನು ಇನ್ನೊಂದು ಕಡೆಯ ತೂಕದಿಂದ ಅಳೆಯುವುದೇ ಅವನ ಅನ್ನ. ಮಗಳ ಮಾತು ಅವನಿಗೆ ಅರೆಗಳಿಗೆಯಲ್ಲಿ ಅರ್ಥವಾಯಿತು. ಅರ್ಥವಾಗಿದ್ದಕ್ಕೇ ಸಿಟ್ಟು ನೆತ್ತಿಗೇರಿತು.

“ಕಬ್ಬಿಣ ಭೂಮಿಯೊಳಗಿಂದ ಬಂದದ್ದು. ಅದರ ಮೇಲೆ ಸೂರ್ಯನ ಆಟ ನಡೆಯಲ್ಲ.”

“ಇದು ಯಾವ ಪುಸ್ತಕದಲ್ಲಿದೆ ಭಾವ?”

“ಈಗ ಬರೀತೀನಿ.”

ಮೇಷ್ಟರು ನಗಲಿಲ್ಲ. ಪುಸ್ತಕಗಳನ್ನು ಒಟ್ಟು ಮಾಡಿ ಅವನ ಕಡೆಗೆ ತಳ್ಳಿದರು. “ಒಂದೇ ಒಂದಕ್ಕೆ ಉತ್ತರ ಕೊಡಿ. ಏನು ಕಣ್ಣಿಗೆ ಬಿದ್ದರೆ ನೀವು ‘ನಂದು ತಪ್ಪು’ ಅಂತೀರಿ?”

“ನಂದು ತಪ್ಪೇ ಇಲ್ಲವಲ್ಲ, ಯಾಕೆ ಅನ್ಲಿ?”

“ಅದಕ್ಕೇ ಇದು ವಿಜ್ಞಾನ ಅಲ್ಲ. ನೀವು ಶಾಲೆ ಬಿಟ್ಟಿದ್ದಕ್ಕಲ್ಲ ಭಾವ. ನಿಮಗೆ ಎಲ್ಲದಕ್ಕೂ ಉತ್ತರ ಇದೆ. ತೂಕ ಇಳಿದ್ರೂ ನೀವೇ ಸರಿ, ಏರಿದ್ರೂ ನೀವೇ ಸರಿ, ಸುಮ್ಮನಿದ್ರೂ ನೀವೇ ಸರಿ.”

“ಎದ್ದು ಹೋಗು,” ಎಂದ ತಕ್ಕಡಿಯಣ್ಣ.

ಮೇಷ್ಟರು ಎದ್ದರು. ಒಳಗಿನಿಂದ ಅಕ್ಕ ಟೀ ಹಿಡಿದು ಬರುತ್ತಿದ್ದಳು. “ಕೂಗಾಡಿ ಮುಗೀತಾ? ಇದನ್ನ ಕುಡಿದು ಹೋಗು,” ಎಂದಳು. ಅವರು ನಿಂತೇ ಕುಡಿದು, ಲೋಟ ಕಿಟಕಿಯಲ್ಲಿಟ್ಟು ಹೋದರು.

ಮಧ್ಯಾಹ್ನ ಒಂದು ಗಂಟೆಯಾಯಿತು. ತಕ್ಕಡಿಯಣ್ಣನ ಕೈ ಅಭ್ಯಾಸಬಲದಿಂದ ಹತ್ತಿ ಚೀಲದ ಕಡೆಗೆ ಹೋಯಿತು, ಅರ್ಧದಲ್ಲೇ ನಿಂತಿತು. ಅವನು ಮೇಜಿನ ಕಡೆಗೆ ತಿರುಗಿ ಮೊದಲನೇ ವರ್ಷದ ಪುಸ್ತಕ ತೆಗೆದ. ಅದರಲ್ಲೇನಿದೆ ಎಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಆ ಪುಸ್ತಕದಲ್ಲಿ ಮೂರಲ್ಲ, ನಾಲ್ಕು ಸಾಲು ಎಳೆದಿದ್ದ. ಬಟ್ಟೆ, ಮರ, ಹತ್ತಿ, ನಾಲ್ಕನೆಯದು ಕಬ್ಬಿಣ. ಕಬ್ಬಿಣದ ತುಂಡನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ನೋಡುತ್ತಿದ್ದ. ಬೆಳಿಗ್ಗೆ ಎಷ್ಟೋ ಮಧ್ಯಾಹ್ನವೂ ಅಷ್ಟೇ. ಮರುದಿನವೂ ಅಷ್ಟೇ. ಹೀಗೆ ನಲವತ್ತು ದಿನ ಒಂದೇ ಅಂಕಿ ಬರೆದಿದ್ದ. ನಲವತ್ತೊಂದನೇ ದಿನದಿಂದ ಆ ಸಾಲು ಖಾಲಿ. ಎರಡನೇ ಪುಸ್ತಕದಲ್ಲಿ ಸಾಲೇ ಇಲ್ಲ. ಕಬ್ಬಿಣದ ಲೆಕ್ಕ ತನಗೆ ಉಪಯೋಗವಿಲ್ಲ ಎಂದು ಅವತ್ತು ಅಂದುಕೊಂಡಿದ್ದ. ಉಪಯೋಗವಿಲ್ಲದ್ದು ಯಾಕೆ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಒಬ್ಬ ಅಂಗಡಿಯವನು ತಟ್ಟೆಯ ಅಡಿಗೆ ಮೇಣ ಅಂಟಿಸಿಕೊಂಡರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ ಮನುಷ್ಯ ಅವನು. ತನ್ನ ಪುಸ್ತಕದಲ್ಲಿ ತಾನೇ ಮೇಣ ಅಂಟಿಸಿ ಹನ್ನೊಂದು ವರ್ಷ ತೂಗುತ್ತ ಕೂತಿದ್ದ.

ಹೆಂಡತಿ ಎರಡು ಸಲ ಊಟಕ್ಕೆ ಕರೆದಳು. ಮೂರನೇ ಸಲ, “ಹಸಿವನ್ನೂ ಸೂರ್ಯ ಎಳೆದುಕೊಂಡ್ನೇನ್ರೀ?” ಎಂದಳು. ಬೇರೆ ದಿನವಾಗಿದ್ದರೆ ತಟ್ಟೆ ಹಾರುತ್ತಿತ್ತು. ಇವತ್ತು ಅವನು ಎದ್ದು ಒಳಗೆ ಹೋಗಿ ಮಗಳ ಎದುರು ಕೂತ.

“ನೀನು ಆರು ವರ್ಷದಿಂದ ಮೂಟೆ ತೂಗ್ತಿದೀಯ,” ಎಂದ. “ಏನು ನೋಡಿದೀಯ ಹೇಳು.”

ಮಗಳು ಅನ್ನ ಕಲಸುವುದನ್ನು ನಿಲ್ಲಿಸಿದಳು. ಮ್ಯಾನೇಜರ್ ಇದನ್ನು ಕೇಳಿರಲಿಲ್ಲ. ಮಾವ ಕೇಳಿರಲಿಲ್ಲ. ಅಪ್ಪನೂ ಇವತ್ತಿನವರೆಗೆ ಕೇಳಿರಲಿಲ್ಲ.

“ಬಾಗಿಲ ಹತ್ತಿರ ಬಿಸಿಲಿಗೆ ಇಟ್ಟ ಮೂಟೆ ಜಾಸ್ತಿ ಇಳಿಯುತ್ತಪ್ಪ. ರಾಶಿ ಮಧ್ಯದಲ್ಲಿ ಸಿಕ್ಕಿಕೊಂಡಿರೋದು ಇಳಿಯೋದೇ ಇಲ್ಲ. ರಾತ್ರಿಯೆಲ್ಲ ಇಬ್ಬನೀಲಿ ಬಂದ ಲಾರಿದಾದ್ರೆ ಮುಕ್ಕಾಲು ಕೆಜಿ. ಬಿಸಿಲೇರಿದ ಮೇಲೆ ಬಂದ ಲಾರಿದಾದ್ರೆ ಏನೂ ಇಲ್ಲ. ಇದನ್ನ ಹೇಳೋಕೆ ಹೋದೆ. ‘ನೀನೇನು ದೊಡ್ಡ ವಿಜ್ಞಾನಿನಾ’ ಅಂದ್ರು ಮ್ಯಾನೇಜರ್.”

“ನಿನಗೇನನ್ನಿಸುತ್ತೆ?”

“ಹತ್ತಿ ನೀರು ಕುಡಿಯುತ್ತೆ. ಬಿಸಿಲಿಗೆ ಬಿಡುತ್ತೆ. ಅಷ್ಟೇ ಅನ್ಸುತ್ತೆ. ಆದ್ರೆ ಅನ್ಸಿದ್ದು ಸಾಕಾಗಲ್ವಲ್ಲ.”

ತಕ್ಕಡಿಯಣ್ಣನ ಒಂಬತ್ತನೇ ಪುಸ್ತಕದ ಮಳೆಗಾಲ, ಐದನೇ ಪುಸ್ತಕದ ಮೋಡ, ಎಲ್ಲವೂ ಆ ಒಂದು ಮಾತಿನೊಳಗೆ ಸದ್ದಿಲ್ಲದೆ ಹೋಗಿ ಕೂತವು. ಒಂದಕ್ಕೂ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಅವನು ಊಟ ಮಾಡಿ, ಕೈತೊಳೆದು, ಯಜಮಾನಮ್ಮನಿಗೆ ಫೋನ್ ಮಾಡಿದ. ಆಮೇಲೆ ಭಾಮೈದನಿಗೂ ಮಾಡಿದ. “ನಾಳೆ ರಜೆ ಹಾಕು. ನಿನ್ನ ಪ್ರಶ್ನೆಗೆ ಉತ್ತರ ಬೇಕಿದ್ರೆ ಎಂಟು ಗಂಟೆಗೆ ಗೋದಾಮಿಗೆ ಬಾ,” ಎಂದು ಹೇಳಿ, ಅವರು ಬಾಯಿ ತೆರೆಯುವ ಮೊದಲೇ ಇಟ್ಟ.

ಸೋಮವಾರ ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಲಾರಿ ಆಗತಾನೆ ಬಂದು ನಿಂತಿತ್ತು. ಗೋಣಿಯ ಮೇಲೆ ಕೈಯಿಟ್ಟರೆ ತಣ್ಣಗೆ ಹತ್ತುತ್ತಿತ್ತು. ಯಜಮಾನಮ್ಮ ಕುರ್ಚಿಯಲ್ಲಿ ಕೂತಿದ್ದರು, ವಯಸ್ಸಾದ ಹೆಂಗಸು, ಮಾತು ಕಡಿಮೆ. ಮ್ಯಾನೇಜರ್ ಅವರ ಹಿಂದೆ ಕೈಕಟ್ಟಿ ನಿಂತಿದ್ದ. ಎಂಟು ಹತ್ತು ಹಮಾಲಿಗಳು ಕೆಲಸ ಬಿಟ್ಟು ಸುತ್ತ ನಿಂತಿದ್ದರು. ತಕ್ಕಡಿಯಣ್ಣ ಪುಸ್ತಕ ತಂದಿರಲಿಲ್ಲ. ಒಂದು ಸ್ಪ್ರಿಂಗ್ ತಕ್ಕಡಿ, ಇಪ್ಪತ್ತು ಕೆಜಿಯ ಕಬ್ಬಿಣದ ತೂಕದ ಕಲ್ಲು, ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದಿದ್ದ.

“ತೂಗೋ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮಾತು ಬದಲಾಯಿಸಬಾರದು,” ಎಂದ. “ಮಧ್ಯಾಹ್ನ ಸೂರ್ಯ ಎಳೆಯೋದರಿಂದ ತೂಕ ಇಳಿಯುತ್ತೆ ಅಂತ ನಾನು ಹನ್ನೊಂದು ವರ್ಷದಿಂದ ಹೇಳ್ಕೊಂಡು ಬಂದೆ. ಅದು ನಿಜ ಆಗಿದ್ರೆ ಈ ಕಬ್ಬಿಣವೂ ಇಳೀಬೇಕು. ಒಂದು ಮೂಟೆ ಹಾಗೇ ಇಡೋಣ, ಇನ್ನೊಂದನ್ನ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಡೋಣ. ಸೂರ್ಯನಿಗೆ ಪ್ಲಾಸ್ಟಿಕ್ ಏನೂ ಅಡ್ಡ ಬರಲ್ಲ. ಹಾಗಾಗಿ ಎರಡೂ ಮೂಟೆ ಒಂದೇ ಥರ ಇಳೀಬೇಕು. ಇಳೀಲಿಲ್ಲ ಅಂದ್ರೆ ನಂದು ತಪ್ಪು. ನನ್ನ ಮಗಳು ಹೇಳೋದು ಬೇರೆ. ಬಿಟ್ಟಿಟ್ಟ ಮೂಟೆ ಒಂದೇ ಇಳಿಯುತ್ತೆ, ಕಟ್ಟಿದ್ದೂ ಕಬ್ಬಿಣವೂ ಹಾಗೇ ಇರ್ತಾವೆ ಅಂತಾಳೆ. ಹಾಗಾಗದಿದ್ರೆ ಅವಳದು ತಪ್ಪು. ಮೂರೂ ಇಳೀದೇ ಹೋದ್ರೆ ಮ್ಯಾನೇಜರ್ ಸಾಹೇಬರು ಹೇಳಿದ್ದೇ ಸರಿ.”

“ಇದೆಲ್ಲ ನಾಟಕ ಯಾಕೆ?” ಎಂದ ಮ್ಯಾನೇಜರ್.

“ಐದು ಗಂಟೆ ತಾನೆ, ಆಗಲಿ,” ಎಂದರು ಯಜಮಾನಮ್ಮ.

ಮಗಳು ಯಾವುದನ್ನೂ ಮುಟ್ಟಲಿಲ್ಲ. ಹಮಾಲಿಗಳು ಎತ್ತಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರು, ಮೇಷ್ಟರು ಓದಿ ಹೇಳಿದರು, ಯಜಮಾನಮ್ಮ ತಾವೇ ಒಂದು ಚೀಟಿಯಲ್ಲಿ ಬರೆದುಕೊಂಡರು. ಬಿಟ್ಟಿಟ್ಟ ಮೂಟೆ ಐವತ್ತು ಕೆಜಿ ನಾನೂರು ಗ್ರಾಂ. ಕಟ್ಟಿದ್ದು ಪ್ಲಾಸ್ಟಿಕ್ ಸೇರಿ ಐವತ್ತೊಂದು ಕೆಜಿ ಇನ್ನೂರು. ಕಬ್ಬಿಣ ಇಪ್ಪತ್ತು. ಮೂರನ್ನೂ ಬಾಗಿಲ ಹೊರಗೆ ಬಿಸಿಲಿಗಿಟ್ಟು ಕಾವಲಿಗೆ ಒಬ್ಬನನ್ನು ಕೂರಿಸಿದರು.

ಬಿಸಿಲು ಏರಿತು. ಗೋದಾಮಿನ ತಗಡಿನ ಮಾಡು ಚಿಟಪಟ ಎನ್ನತೊಡಗಿತು. ಭಾವ ಭಾಮೈದ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಹಮಾಲಿ ಬಂದು ಪ್ಲಾಸ್ಟಿಕ್ ಕಟ್ಟಿದ ಮೂಟೆಯನ್ನು ಬಗ್ಗಿ ನೋಡಿ, “ಇದಕ್ಕೆ ಬೆವರು ಬಂದಿದೆ ನೋಡ್ರೋ,” ಎಂದ. ಹಾಳೆಯ ಒಳಮೈಯಲ್ಲಿ ಸಣ್ಣ ಸಣ್ಣ ನೀರಿನ ಹನಿ ಕೂತಿದ್ದವು. ಮೇಷ್ಟರು ಎದ್ದು ಹೋಗಿ ಅದನ್ನು ತುಂಬ ಹೊತ್ತು ನೋಡಿದರು. ವಾಪಸು ಬಂದು ಬೆಂಚಿನ ನಡುವೆ ಕೂತರು.

“ಮೂಟೆ ತಾನಾಗೇ ಹಗುರ ಆಗಲ್ಲ ಅಂದಿದ್ದೆ ನಾನು,” ಎಂದರು. “ಒಂದು ಸಲವೂ ತೂಗಿ ನೋಡದೇ ಅಂದುಬಿಟ್ಟೆ. ನೀವು ತೂಗಿದ್ದೆಲ್ಲ ಸರಿಯಾಗೇ ಇತ್ತು ಭಾವ. ಕಾರಣ ಹೇಳಿದ್ದು ಮಾತ್ರ...”

“ಗೊತ್ತು. ಬಾಯಿ ಮುಚ್ಚು.” ತಕ್ಕಡಿಯಣ್ಣ ಸ್ವಲ್ಪ ಸರಿದು ಜಾಗ ಬಿಟ್ಟ.

ಒಂದು ಗಂಟೆಗೆ ತೂಗಿದರು. ಕಬ್ಬಿಣ ಇಪ್ಪತ್ತೇ. ಕಟ್ಟಿದ ಮೂಟೆ ಐವತ್ತೊಂದು ಇನ್ನೂರೇ. ಬಿಟ್ಟಿಟ್ಟ ಮೂಟೆ ನಲವತ್ತೊಂಬತ್ತು ಎಂಟುನೂರು. ಆರುನೂರು ಗ್ರಾಂ ಯಾರ ಕೈಗೂ ಸಿಗದೆ ಬಿಸಿಲಿನಲ್ಲಿ ಹೋಗಿತ್ತು. ಹಮಾಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಂದು ತಪ್ಪು,” ಎಂದ ತಕ್ಕಡಿಯಣ್ಣ ಎಲ್ಲರಿಗೂ ಕೇಳುವಂತೆ. ಹನ್ನೊಂದು ವರ್ಷದಲ್ಲಿ ಆ ಎರಡು ಪದವನ್ನು ಅವನು ಹೆಂಡತಿಯ ಮುಂದೆಯೂ ಆಡಿರಲಿಲ್ಲ. “ಮೊದಲನೇ ವರ್ಷವೇ ಕಬ್ಬಿಣ ಇಳಿಯಲ್ಲ ಅಂತ ನನಗೆ ಗೊತ್ತಾಗಿತ್ತು. ಬರೆಯೋದು ನಿಲ್ಲಿಸಿದೆ. ಮಗಳು ಹೇಳಿದ್ದು ಸರಿ.”

ಯಜಮಾನಮ್ಮ ಚೀಟಿಯನ್ನು ಮಡಚಿ ಮ್ಯಾನೇಜರ್ ಕೈಗೆ ಕೊಟ್ಟರು. ಅವನು ಅದನ್ನು ಬಿಚ್ಚಿ ನೋಡಿ, ಗಂಟಲು ಸರಿಮಾಡಿಕೊಂಡ.

“ಇವತ್ತು ಹೀಗೆ ಬಂತು, ಸರಿ. ಆ ಹದಿನೈದು ದಿನವೂ ಹೀಗೇ ಆಗಿತ್ತು ಅಂತ ಏನು ಗ್ಯಾರಂಟಿ? ಅವತ್ತು ಬೇರೇನೋ ನಡೆದಿರಬಹುದು.”

“ಹನ್ನೊಂದು ವರ್ಷ ಹಿಡಿದುಕೊಂಡಿದ್ದನ್ನ ನಾನು ಒಂದು ಬೆಳಿಗ್ಗೇಲಿ ಬಿಟ್ಟೆ ಸ್ವಾಮಿ,” ಎಂದ ತಕ್ಕಡಿಯಣ್ಣ. “ನೀವು ಹದಿನೈದು ದಿನದ್ದನ್ನ ಬಿಡೋಕೆ ಎಷ್ಟು ಕಾಲ ಬೇಕು?”

ಹಿಂದೆ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಮುಖ ಕೆಂಪಾಯಿತು.

“ಸಾಕು, ಮುಗೀತು,” ಎಂದರು ಯಜಮಾನಮ್ಮ. ಮಗಳ ಕಡೆ ತಿರುಗಿ, “ನಾಳೆಯಿಂದ ಕೆಲಸಕ್ಕೆ ಬಾರಮ್ಮ,” ಎಂದರು.

“ಬರಲಿ,” ಎಂದ ಮ್ಯಾನೇಜರ್. “ನನ್ನದೇನೂ ಅಭ್ಯಂತರ ಇಲ್ಲ. ಆದ್ರೆ ಎಲ್ಲರ ಸಮಾಧಾನಕ್ಕೆ, ಅವಳು ತೂಗುವಾಗ ಪಕ್ಕದಲ್ಲಿ ಕಾವಲಿನವನೊಬ್ಬ ನಿಂತಿರ್ತಾನೆ. ಅಷ್ಟೆ.”

ಮಗಳು ಯಜಮಾನಮ್ಮನ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, “ನಿಂತ್ರೆ ನಿಂತ್ಕೊಳ್ಳಲಿ ಬಿಡು, ನಿನಗೇನು ತೊಂದರೆ,” ಎಂದರು. ಆ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ.

“ಹಾಗಾದ್ರೆ ಅವನೇ ತೂಗಲಿ ಅಮ್ಮ,” ಎಂದಳು ಮಗಳು. “ಕಷ್ಟದ ಕೆಲಸ ಅಲ್ಲ. ದಿನಾ ತೂಗೋಕೆ ಮೊದಲು ದಂಡಿಗೆ ಸೊನ್ನೇಲಿ ನಿಂತಿದೆಯಾ ನೋಡ್ಬೇಕು. ಮೂಟೆ ಗೋಡೆಗೆ ತಾಗದ ಹಾಗೆ ಇಡ್ಬೇಕು. ಮಿಕ್ಕಿದ್ದನ್ನ ನೀವೆಲ್ಲ ಇವತ್ತು ನೋಡಿದೀರ.”

ಚಪ್ಪಲಿ ಮೆಟ್ಟಿಕೊಂಡು ಅವಳು ಗೋದಾಮಿನ ನೆರಳಿನಿಂದ ಅಂಗಳದ ಬಿಸಿಲಿಗೆ ಇಳಿದಳು. ಹಮಾಲಿಗಳು ಎರಡು ಕಡೆಗೂ ಸರಿದು ದಾರಿ ಬಿಟ್ಟರು. ವಯಸ್ಸಾದ ಒಬ್ಬ, “ಹೋಗ್ಬೇಡ ಕಣವ್ವ, ನಾಕು ದಿನ ಕಳೆದ್ರೆ ಎಲ್ಲ ಸರಿಹೋಗುತ್ತೆ,” ಎಂದ. ಅವಳು ಅವನಿಗೆ ಕೈ ಎತ್ತಿ ನಮಸ್ಕಾರ ಮಾಡಿದಳು, ನಿಲ್ಲಲಿಲ್ಲ.

“ಏನ್ರೀ, ನಿಮ್ಮ ಮಗಳಿಗೆ ಒಂದು ಬುದ್ಧಿಮಾತು ಹೇಳಿ,” ಎಂದರು ಯಜಮಾನಮ್ಮ. “ಕೆಲಸ ಅಂದ್ರೆ ದಾರೀಲಿ ಬಿದ್ದಿರುತ್ತಾ?”

ತಕ್ಕಡಿಯಣ್ಣ ಸ್ಪ್ರಿಂಗ್ ತಕ್ಕಡಿಯನ್ನು ಕೊಕ್ಕೆಯಿಂದ ಬಿಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಮಗಳು ಗೇಟು ದಾಟಿ ಎಡಕ್ಕೆ ತಿರುಗುವುದು ಅವನಿಗೆ ಕಾಣಿಸಿತು. ಕೂಗಿ ಕರೆಯಲಿಲ್ಲ.

“ಅವಳಿಗೆ ಗೊತ್ತಿರೋದನ್ನ ನಾನೇನು ಹೇಳಲಿ ತಾಯಿ,” ಎಂದ.

ಮರುದಿನ ಬೆಳಿಗ್ಗೆ ಲಾರಿ ಬಂದಾಗ ಯಜಮಾನಮ್ಮ ಅವಳಿಗೆ ಹೇಳಿಕಳಿಸಿದರು. ಅದರ ಮರುದಿನವೂ ಹೇಳಿಕಳಿಸಿದರು. ಆ ಗೇಟಿನೊಳಕ್ಕೆ ಅವಳು ಮತ್ತೆ ಕಾಲಿಡಲಿಲ್ಲ.